ಡಾರ್ಕ್‌ರೂಮ್ ಸಾಮಾನಿನ ಕಲೆ: ಬ್ಲೀಚ್ ಯಾವುದಕ್ಕೆ, ಆಸಿಡ್ ಯಾವುದಕ್ಕೆ, ಸುಮ್ನೆ ಬಿಡಬೇಕಾದ್ದು ಯಾವುದು

ಫಿಲ್ಮ್, ಫೋಟೋ ತೊಳೆಯುವ ಕತ್ತಲೆ ಕೋಣೆಯ, ಅಂದರೆ ಡಾರ್ಕ್‌ರೂಮಿನ ಟ್ರೇಗೆ ಹಿಡಿದ ಕಲೆಗೆ ಏನು ಹಾಕಬೇಕು ಅಂತ ಕೇಳಿ ನೋಡಿ. ನಾಲ್ಕು ಜನ ನಾಲ್ಕು ಉತ್ತರ ಕೊಡುತ್ತಾರೆ. ಒಬ್ಬರು ಬ್ಲೀಚ್ ಅನ್ನುತ್ತಾರೆ. ಇನ್ನೊಬ್ಬರು ವಿನಿಗರ್ ಸಾಕು ಅನ್ನುತ್ತಾರೆ. ಮೂರನೆಯವರು ಹಳೇ ಡೈಕ್ರೋಮೇಟ್ ಸೂತ್ರ ಹೊರತೆಗೆಯುತ್ತಾರೆ. ನಾಲ್ಕನೆಯವರು ಬಿಸಾಡಿ ಹೊಸದು ತನ್ನಿ ಅನ್ನುತ್ತಾರೆ. ತಮಾಷೆ ಏನೆಂದರೆ ನಾಲ್ವರ ಮಾತಿನಲ್ಲೂ ನಿಜ ಇದೆ. ಒಬ್ಬೊಬ್ಬರ ಕಣ್ಣ ಮುಂದೆ ಇರುವ ಕಲೆ ಬೇರೆ, ಅಷ್ಟೆ.

ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಬಿಟ್ಟ ಕಂದು ಕಲೆ, ಫಿಲ್ಮಿನ ಬೆಳ್ಳಿ ಕೂತ ಕಪ್ಪು ಕಲೆ, ಗಡಸು ನೀರಿನ ಬಿಳಿ ಪದರ, ಟ್ಯಾಂಕಿನೊಳಗೆ ಫಿಲ್ಮ್ ಸುತ್ತುವ ರೀಲಿಗೆ ಅಂಟಿದ ಜಿಡ್ಡು. ಇವು ನಾಲ್ಕಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ. ಬೆಳ್ಳಿ ಕಲೆಯನ್ನು ವಿನಿಗರ್‌ನಲ್ಲಿ ಒಂದು ವಾರ ನೆನೆಹಾಕಿದರೂ ಕದಲುವುದಿಲ್ಲ. ಸುಣ್ಣದ ಪದರದ ಮೇಲೆ ಬ್ಲೀಚ್ ಸುರಿದರೆ ಬ್ಲೀಚ್ ದಂಡ. ಹಾಗಾಗಿ ಯಾವ ಕ್ಲೀನರ್ ಒಳ್ಳೆಯದು ಎಂದು ಕೇಳುವ ಮೊದಲು ಇದು ಯಾವುದರ ಕಲೆ ಎಂದು ಕೇಳಬೇಕು. ಅದು ಗೊತ್ತಾದ ಮೇಲೆ ಕೆಲಸ ಆಗುವಷ್ಟು ಮೆದುವಾದದ್ದನ್ನು ಆರಿಸಿದರೆ ಸಾಕು.

ತೆಗೆಯಲೇಬೇಕಾ?

ಕೆಲವು ಕಲೆಗಳಿಗೆ ಉತ್ತರ "ಬೇಡ" ಎಂದೇ. ಡೆವಲಪರ್ ಟ್ರೇ ಒಳಗೆ ಚಹಾ ಬಣ್ಣಕ್ಕೆ ತಿರುಗಿರುತ್ತದಲ್ವಾ, ಅದು ಗಾಳಿ ತಾಗಿ ಹಾಳಾದ ಹೈಡ್ರೋಕ್ವಿನೋನ್, ಮೆಟಾಲ್ ಇಂಥವುಗಳ ಬಣ್ಣ. ಪ್ಲಾಸ್ಟಿಕ್ ಒಳಗೆ ಇಳಿದು ಕೂತಿದೆ. ಕೈಗೆ ನುಣ್ಣಗೆ ಸಿಗುತ್ತಿದ್ದರೆ, ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಏನೂ ಬಾರದಿದ್ದರೆ, ಅದರಿಂದ ಪ್ರಿಂಟ್‌ಗೆ ಏನೂ ಆಗುವುದಿಲ್ಲ. ಒಂದು ಟ್ರೇಯನ್ನು ಕೊನೆವರೆಗೂ ಡೆವಲಪರ್‌ಗೇ ಮೀಸಲಿಡಿ. ಅದು ಎಷ್ಟು ಕಂದಾದರೂ ಚಿಂತೆಯಿಲ್ಲ.

ಫಿಲ್ಮ್ ಟ್ಯಾಂಕ್ ಒಳಗಿನ ಗುಲಾಬಿ ಅಥವಾ ನೇರಳೆ ಛಾಯೆಯೂ ಅಷ್ಟೆ. ಅದು ಫಿಲ್ಮ್‌ನಿಂದ ಇಳಿದ ಡೈ. ನೋಡಲು ಚೆಂದ ಇಲ್ಲ, ತೊಂದರೆಯೂ ಇಲ್ಲ.

ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದ್ದು ಬೇರೆ ಇವೆ. ಉದುರುವ ಕಲೆ ಮೊದಲನೆಯದು. ಟ್ಯಾಂಕ್ ಗೋಡೆಯಿಂದ ಬೆಳ್ಳಿಯ ಚೂರು ಎದ್ದು ಬಂದರೆ ಅದು ಒದ್ದೆ ಎಮಲ್ಷನ್ (ಫಿಲ್ಮಿನ ಚಿತ್ರ ಹಿಡಿಯುವ ಪದರ) ಮೇಲೆ ಹೋಗಿ ಕೂರುತ್ತದೆ. ಎರಡನೆಯದು ಒಂದು ದ್ರಾವಣದಿಂದ ಇನ್ನೊಂದಕ್ಕೆ ದಾಟುವ ಕೊಳೆ. ಅಳತೆ ಜಾಡಿಯ ತಳದಲ್ಲಿ ಒಣಗಿದ ಫಿಕ್ಸರ್ (ಮೂಡಿದ ಚಿತ್ರವನ್ನು ಕಾಯಂ ಮಾಡುವ ದ್ರಾವಣ) ಡೆವಲಪರ್‌ಗೆ ಸೇರಿದರೆ ಡೈಕ್ರೋಯಿಕ್ ಫಾಗ್ ಬರಬಹುದು. ನೆಗೆಟಿವನ್ನು ಒಂದು ಕೋನದಲ್ಲಿ ಹಿಡಿದರೆ ಒಂದು ಬಣ್ಣ, ಇನ್ನೊಂದು ಕೋನದಲ್ಲಿ ಬೇರೆ ಬಣ್ಣ ಕಾಣುವ ಮಬ್ಬು ಅದು. ಮೂರನೆಯದು ರೀಲಿನ ಜಿಡ್ಡು. ಅದು ಬಣ್ಣದಲ್ಲಿ ಕಾಣಿಸುವುದೇ ಇಲ್ಲ. ಕತ್ತಲಲ್ಲಿ ಫಿಲ್ಮ್ ಅರ್ಧಕ್ಕೆ ಸಿಕ್ಕಿಕೊಂಡಾಗ ಮಾತ್ರ ಗೊತ್ತಾಗುತ್ತದೆ. ಕೊನೆಯದು ತುಕ್ಕು. ಕಬ್ಬಿಣ, ತಾಮ್ರದ ಅಂಶ ಚೂರು ಸೇರಿದರೂ ಡೆವಲಪರ್ ಬೇಗ ಕೆಡುತ್ತದೆ. ವಿಟಮಿನ್ ಸಿ ಆಧಾರದ ಡೆವಲಪರ್‌ಗಳಿಗೆ ಇದರ ಕಾಟ ಜಾಸ್ತಿ.

ಒಂದು ಹನಿಯ ಪರೀಕ್ಷೆ

ಕಲೆ ಯಾವುದು ಎಂದು ಬಣ್ಣ ನೋಡಿಯೇ ಬಹುಪಾಲು ಊಹಿಸಬಹುದು. ಆದರೆ ಕಂದುಗಪ್ಪು ಕಲೆ ಮೋಸ ಮಾಡುತ್ತದೆ. ಅದು ಡೆವಲಪರ್ ಕೂಡ ಆಗಿರಬಹುದು, ಬೆಳ್ಳಿಯೂ ಆಗಿರಬಹುದು, ಒಂದರ ಮೇಲೊಂದು ಎರಡೂ ಇರಬಹುದು. ತುಂಬ ನೀರು ಬೆರೆಸಿದ ಡೆವಲಪರ್‌ನಲ್ಲಿ ಪ್ರಿಂಟನ್ನು ಬಹಳ ಹೊತ್ತು ಇಡುವ ಲಿತ್ ಪ್ರಿಂಟಿಂಗ್ ಮಾಡುವವರ ಟ್ರೇಗಳಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ.

ಪರೀಕ್ಷೆ ಸುಲಭ. ಟ್ರೇಯನ್ನು ತೊಳೆದು ಒಣಗಿಸಿ, ದೂರ ದೂರ ಮೂರು ಜಾಗ ಆರಿಸಿಕೊಳ್ಳಿ. ಒಂದರ ಮೇಲೆ ಸಿಟ್ರಿಕ್ ಆಸಿಡ್ ನೀರಿನ ಹನಿ ಹಾಕಿ. ಗುಳ್ಳೆ ಬಂದರೆ, ಅಥವಾ ಬಿಳಿ ಪದರ ಕರಗಿದರೆ, ಅದು ಸುಣ್ಣ. ಇನ್ನೊಂದರ ಮೇಲೆ ನೀರು ಬೆರೆಸಿದ ಬ್ಲೀಚ್ ಹನಿ. ಕೆಲವೇ ನಿಮಿಷಗಳಲ್ಲಿ ಕಂದು ಮಾಸಿದರೆ ಡೆವಲಪರ್. ಮೂರನೆಯದರ ಮೇಲೆ, ಪ್ರಿಂಟನ್ನು ಕಂದು ಛಾಯೆಗೆ ತಿರುಗಿಸುವ ಸೆಪಿಯಾ ಟೋನರ್ ಕಿಟ್‌ನಲ್ಲಿ ಬರುವ ಹಳದಿ ಬ್ಲೀಚ್ ಹನಿ. ಕಪ್ಪು ಹೋಗಿ ಕೆನೆ ಬಣ್ಣ ಬಂದರೆ ಬೆಳ್ಳಿ. ಹನಿಗಳು ಒಂದಕ್ಕೊಂದು ಸೇರಬಾರದು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಅಲ್ಲಿಯವರೆಗೆ ಟ್ರೇ ಓರೆ ಮಾಡಬೇಡಿ.

ಬಿಸಿನೀರು ಮತ್ತು ಬಟ್ಟೆ ಒಗೆಯುವ ಪುಡಿ

ಯಾವ ಕಲೆಗಾದರೂ ಶುರು ಮಾಡಬೇಕಾದ್ದು ಇಲ್ಲಿಂದ. ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಮೆದು ಬ್ರಷ್. ಒಣಗಿದ ಫಿಕ್ಸರ್‌ನ ಬಿಳಿ ಹರಳು ನೀರಿಗೇ ಕರಗುತ್ತದೆ. ಅದಕ್ಕೆ ಬೇರೇನೂ ಬೇಡ. ಟ್ರೇಯ ಹೊಸ ಕಂದು ಕಲೆಗೆ ಅಡುಗೆ ಸೋಡಾವನ್ನು ಒದ್ದೆ ಮಾಡಿ ತಿಕ್ಕಿದರೆ ಎಷ್ಟೋ ಹೋಗುತ್ತದೆ. ಅದು ಗೀರು ಬೀಳಿಸುವಷ್ಟು ಒರಟಲ್ಲ.

ಸ್ಟೀಲ್ ಉಣ್ಣೆ, ಒರಟು ಹಸಿರು ಸ್ಕ್ರಬ್ಬರ್, ಮರಳಿನಂಥ ಪುಡಿ, ಇವನ್ನು ಮುಟ್ಟಬೇಡಿ. ಪ್ಲಾಸ್ಟಿಕ್ ಮೇಲೆ ಒಮ್ಮೆ ಗೀರು ಬಿದ್ದರೆ ಮುಂದಿನ ಕಲೆ ಆ ಗೀರಿನೊಳಗೇ ಹೋಗಿ ಕೂರುತ್ತದೆ. ಸ್ಟೀಲ್ ಉಣ್ಣೆಯ ಚೂರುಗಳು ಸ್ಟೇನ್‌ಲೆಸ್ ಮೇಲೆ ಉಳಿದು ತುಕ್ಕು ಹಿಡಿಯುತ್ತವೆ. ಹಿತ್ತಾಳೆ ಎಳೆಗಳ ಬ್ರಷ್ಷಂತೂ ಡಾರ್ಕ್‌ರೂಮ್ ಹತ್ತಿರ ಬರಲೇಬಾರದು. ತಾಮ್ರದ ಅಂಶ ಡೆವಲಪರ್‌ಗೆ ಸೇರಿದರೆ ಫಾಗ್ ಬರುತ್ತದೆ.

ಎನ್ಜೈಮ್ ಇರುವ ಬಟ್ಟೆ ಸೋಪಿನ ಪುಡಿಯ ವಿಷಯ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದನ್ನು ಬಳಸುವವರು ಕಡಿಮೆ. ಎಮಲ್ಷನ್ ಅಂದರೆ ಜೆಲಟಿನ್. ಜೆಲಟಿನ್ ಅಂದರೆ ಪ್ರೋಟೀನ್. ರಕ್ತ, ಮೊಟ್ಟೆಯ ಕಲೆ ತೆಗೆಯಲು ಮಾಡಿದ ಪುಡಿಯಲ್ಲಿ ಪ್ರೋಟೀನನ್ನು ತುಂಡು ಮಾಡುವ ಎನ್ಜೈಮ್ ಇರುತ್ತದೆ. ರೀಲಿನ ಸಂದಿಯಲ್ಲಿ ಅಂಟಿದ ಜೆಲಟಿನ್ ಮೇಲೂ ಅದು ಅದೇ ಕೆಲಸ ಮಾಡುತ್ತದೆ. ಸುಮಾರು 40 ಡಿಗ್ರಿ ಬಿಸಿಯ ನೀರಿನಲ್ಲಿ ಪುಡಿ ಕರಗಿಸಿ, ರೀಲನ್ನು ಒಂದೆರಡು ಗಂಟೆ ಮುಳುಗಿಸಿಡಿ. ಕುದಿಯುವ ನೀರು ಹಾಕಿದರೆ ಎನ್ಜೈಮ್ ಸತ್ತೇ ಹೋಗುತ್ತದೆ, ರೀಲೂ ಸೊಟ್ಟಗಾಗಬಹುದು. ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೋಡಿನ ಉದ್ದಕ್ಕೂ ತಿಕ್ಕಿ, ಚೆನ್ನಾಗಿ ಜಾಲಿಸಿ. ಹಲ್ಲುಸೆಟ್ಟು ತೊಳೆಯುವ ಮಾತ್ರೆಯೂ ರೀಲಿಗೆ ಒಳ್ಳೆಯದೇ. ಅದರಲ್ಲಿರುವುದು ಹೆಚ್ಚಾಗಿ ಆಕ್ಸಿಜನ್ ಬ್ಲೀಚ್ ಮತ್ತು ಸ್ವಲ್ಪ ಸಿಟ್ರಿಕ್ ಆಸಿಡ್.

ರೀಲಿನ ಜಿಡ್ಡಿಗೆ ಇನ್ನೊಂದು ಕಾರಣ ವೆಟಿಂಗ್ ಏಜೆಂಟ್, ಅಂದರೆ ಒಣಗುವಾಗ ಹನಿಯ ಗುರುತು ಉಳಿಯದಿರಲಿ ಎಂದು ಕೊನೆಗೆ ಬಳಸುವ ದ್ರಾವಣ. ಫಿಲ್ಮನ್ನು ರೀಲ್ ಸಮೇತ ಅದರಲ್ಲಿ ಅದ್ದುವ ಅಭ್ಯಾಸ ಹಲವರಿಗಿದೆ. ಪ್ರತಿ ಸಲ ಒಂದು ತೆಳು ಪದರ ಉಳಿಯುತ್ತದೆ. ತೇವ ತಾಗಿದರೆ ಅಂಟಾಗುತ್ತದೆ. ರೀಲಿನಿಂದ ಫಿಲ್ಮ್ ಬಿಚ್ಚಿ, ಬೇರೆ ಬಟ್ಟಲಲ್ಲಿ ಅದ್ದಿ ತೆಗೆದರೆ ಈ ತೊಳೆಯುವ ಕೆಲಸವೇ ಮುಕ್ಕಾಲು ತಪ್ಪುತ್ತದೆ.

ಬಿಳಿ ಪದರಕ್ಕೆ ಆಸಿಡ್

ಇಲ್ಲಿ ಆಯ್ಕೆ ಕಷ್ಟವಿಲ್ಲ. ಗಡಸು ನೀರಿನ ಸುಣ್ಣಕ್ಕೆ ಸಿಟ್ರಿಕ್ ಆಸಿಡ್, ವಿನಿಗರ್, ಬಳಸದೆ ಉಳಿದ ಸ್ಟಾಪ್ ಬಾತ್ (ಡೆವಲಪರ್ ಕೆಲಸ ನಿಲ್ಲಿಸುವ ಆಮ್ಲೀಯ ದ್ರಾವಣ), ಮೂರೂ ಆಗುತ್ತವೆ. ನನ್ನ ಮೆಚ್ಚು ಸಿಟ್ರಿಕ್ ಆಸಿಡ್. ವಾಸನೆ ಇಲ್ಲ, ಪುಡಿಯಾಗಿ ಇಟ್ಟರೆ ಕೆಡುವುದಿಲ್ಲ, ಲೀಟರ್ ನೀರಿಗೆ 20–30 ಗ್ರಾಂ ಸಾಕು. ಗಾಜಿನ ಜಾಡಿ, ಥರ್ಮಾಮೀಟರ್, ಸ್ಟೇನ್‌ಲೆಸ್ ಟ್ಯಾಂಕ್ ಎಲ್ಲಕ್ಕೂ ಸರಿ. ನೀರು ಬೆಚ್ಚಗಿದ್ದರೆ ಬೇಗ ಕೆಲಸ ಆಗುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಸುಣ್ಣವನ್ನು ಕ್ಷಣದಲ್ಲಿ ತೆಗೆಯುತ್ತದೆ, ನಿಜ. ಅದರ ಜೊತೆಗೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳನ್ನೂ ಮಾಡುತ್ತದೆ. ಬೇಡ.

ಗಟ್ಟಿಗೊಳಿಸುವ ಫಿಕ್ಸರ್, ಅಂದರೆ ಆಲಂ ಸೇರಿಸಿದ್ದು, ಬಳಸುವವರ ಟ್ರೇಯಲ್ಲಿ ಬಿಳಿ ಕೆಸರಿನಂಥ ಪದರ ಕೂರುವುದುಂಟು. ಡೆವಲಪರ್‌ನ ಕ್ಷಾರ ಫಿಕ್ಸರ್‌ಗೆ ಸೇರಿದಾಗ ಬೇರ್ಪಡುವ ಅಲ್ಯೂಮಿನಿಯಂ ಸಂಯುಕ್ತ ಅದು. ಇದಕ್ಕೂ ಸಿಟ್ರಿಕ್ ಆಸಿಡ್ ನಡೆಯುತ್ತದೆ.

ಆದರೆ ಫಿಕ್ಸರ್ ಬಾಟಲಿಯ ತಳದ ತಿಳಿಹಳದಿ ಪುಡಿ ಬೇರೆಯದೇ. ಫಿಕ್ಸರ್ ಹಳತಾಗಿ ಒಡೆದು ಗಂಧಕ ಬಿಟ್ಟಿದೆ. ಆಸಿಡ್ ಹಾಕಿದರೆ ಇನ್ನಷ್ಟು ಗಂಧಕ ಬರುತ್ತದೆಯೇ ಹೊರತು ಹೋಗುವುದಿಲ್ಲ. ಬ್ರಷ್‌ನಿಂದ ತಿಕ್ಕಿ ತೆಗೆಯಬೇಕು. ಹಠ ಮಾಡಿದರೆ ಸೋಡಿಯಂ ಸಲ್ಫೈಟ್‌ನ ಬಿಸಿ ದ್ರಾವಣದಲ್ಲಿ ನೆನೆಸಿ. ಗಂಧಕ ನಿಧಾನಕ್ಕೆ ಕರಗಿ ಹೈಪೋ, ಅಂದರೆ ಫಿಕ್ಸರ್‌ಗೆ ಬಳಸುವ ಸೋಡಿಯಂ ಥಯೋಸಲ್ಫೇಟ್ ಆಗುತ್ತದೆ! ಸಲ್ಫೈಟ್ ಮತ್ತು ಗಂಧಕವನ್ನು ಕುದಿಸುವುದು ಹೈಪೋ ತಯಾರಿಸುವ ಒಂದು ದಾರಿಯೇ.

ಕಂದು ಕಲೆ: ಕ್ಲೋರಿನ್ ಬ್ಲೀಚಾ, ಆಕ್ಸಿಜನ್ ಬ್ಲೀಚಾ?

ಹೆಚ್ಚಿನವರ ಗೊಂದಲ ಇರುವುದು ಇಲ್ಲಿ. ಎರಡೂ ಡೆವಲಪರ್ ಕಲೆಯ ಬಣ್ಣವನ್ನು ಒಡೆಯುತ್ತವೆ. ವ್ಯತ್ಯಾಸ ವೇಗದಲ್ಲಿ, ಅಪಾಯದಲ್ಲಿ, ಯಾವ ಸಾಮಾನಿಗೆ ಹೊಂದುತ್ತದೆ ಎಂಬುದರಲ್ಲಿ ಇದೆ.

ಕ್ಲೋರಿನ್ ಬ್ಲೀಚ್ ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಅಂಗಡಿಯಲ್ಲಿ ಸಿಗುವ ದ್ರವವನ್ನು 1 ಪಾಲಿಗೆ 10 ಪಾಲು ನೀರು ಬೆರೆಸಿದರೆ ಸಾಕಷ್ಟು ಖಾರವಾಗಿರುತ್ತದೆ. ಟ್ರೇಯಲ್ಲಿ ಅರ್ಧ ಗಂಟೆ ಬಿಟ್ಟರೆ ಕಣ್ಣೆದುರೇ ಬೆಳ್ಳಗಾಗುತ್ತದೆ. ಪೈರೋ ಡೆವಲಪರ್‌ಗಳ ಕಡುಗಂದು ಕಲೆ, ಅಮಿಡಾಲ್ ಡೆವಲಪರ್‌ನ ಹಟಮಾರಿ ಕಲೆ, ಇಂಥವಕ್ಕೂ ಇದು ಕೈ ಹಾಕುತ್ತದೆ. ಜೆಲಟಿನನ್ನೂ ಕರಗಿಸುತ್ತದೆ. ಬೇಗ ಆಗಬೇಕು ಅನ್ನುವವರಿಗೆ ಇದಕ್ಕೆ ಎದುರಿಲ್ಲ.

ತೊಂದರೆ ಏನೆಂದರೆ ಡಾರ್ಕ್‌ರೂಮ್ ಎಂಬುದೇ ಆಸಿಡ್‌ಗಳ ಮನೆ. ಬ್ಲೀಚ್‌ಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ವಿನಿಗರ್, ಸ್ಟಾಪ್ ಬಾತ್, ಸಿಟ್ರಿಕ್ ಆಸಿಡ್, ಯಾವುದೂ ಇದಕ್ಕೆ ಹೊರತಲ್ಲ. ಅಮೋನಿಯಾ ಸೇರಿದರೆ ಕ್ಲೋರಮೈನ್ ಅನಿಲ. ರ‍್ಯಾಪಿಡ್ ಫಿಕ್ಸರ್ ಅಂದರೆ ಅಮೋನಿಯಂ ಥಯೋಸಲ್ಫೇಟ್, ಜೊತೆಗೆ ಬಹುತೇಕ ಆಮ್ಲೀಯ. ಅಂದರೆ ತೊಳೆಯದ ಫಿಕ್ಸರ್ ಟ್ರೇಗೆ ಬ್ಲೀಚ್ ಸುರಿಯುವುದು ಎರಡು ಅಪಾಯವನ್ನೂ ಒಟ್ಟಿಗೆ ಕರೆದಂತೆ. ಸಣ್ಣ, ಕಿಟಕಿಯಿಲ್ಲದ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದು ತಮಾಷೆಯ ಮಾತಲ್ಲ. ಬ್ಲೀಚ್ ಕೆಲಸವನ್ನು ಡಾರ್ಕ್‌ರೂಮಿನಿಂದ ಆಚೆ, ಗಾಳಿ ಆಡುವ ಜಾಗದಲ್ಲಿ ಮಾಡಿ. ಟ್ರೇಯನ್ನು ಮೊದಲೇ ಚೆನ್ನಾಗಿ ತೊಳೆದಿರಬೇಕು. ಕೈಗವಸು, ಕನ್ನಡಕ ಇರಲಿ.

ಸಾಮಾನಿನ ಲೆಕ್ಕದಲ್ಲೂ ಕ್ಲೋರಿನ್ ಬ್ಲೀಚ್ ಅಷ್ಟೇನೂ ಸಾಧುವಲ್ಲ. ಸ್ಟೇನ್‌ಲೆಸ್ ಸ್ಟೀಲನ್ನು ಕ್ಲೋರೈಡ್ ಗುಳಿ ಬೀಳಿಸಿ ತಿನ್ನುತ್ತದೆ. ನೈಲಾನನ್ನು ಬ್ಲೀಚ್ ಸವೆಸುತ್ತದೆ. ಹಾಗಾಗಿ ಯಾವ ಪ್ಲಾಸ್ಟಿಕ್ ಎಂದು ಗೊತ್ತಿಲ್ಲದ ರೀಲಿಗೆ ರಾತ್ರಿಯಿಡೀ ಬ್ಲೀಚ್ ಬೇಡ. ಗಾಜು, ಸಾಧಾರಣ ಪ್ಲಾಸ್ಟಿಕ್ ಟ್ರೇ ತಡೆದುಕೊಳ್ಳುತ್ತವೆ.

ಆಕ್ಸಿಜನ್ ಬ್ಲೀಚ್ ಅಂದರೆ ಸೋಡಿಯಂ ಪರ್ಕಾರ್ಬೊನೇಟ್. ಬಟ್ಟೆಯ ಕಲೆ ತೆಗೆಯುವ ಬಿಳಿ ಪುಡಿಗಳಲ್ಲಿ ಇರುವುದು ಇದೇ. ನೀರಿಗೆ ಹಾಕಿದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಬಿಡಿಸಿಕೊಳ್ಳುತ್ತದೆ. ಪೆರಾಕ್ಸೈಡ್ ಬಣ್ಣವನ್ನು ಒಡೆಯುತ್ತದೆ, ಸೋಡಾ ಜಿಡ್ಡನ್ನು ಎತ್ತುತ್ತದೆ. ಲೀಟರ್‌ಗೆ 20–30 ಗ್ರಾಂ, ನೀರು 50 ಡಿಗ್ರಿ ಸುಮಾರು ಬಿಸಿ. ತಣ್ಣೀರಿನಲ್ಲಿ ಇದು ಸೋಮಾರಿ. ಹಳೇ ಕಲೆಗೆ ರಾತ್ರಿಯಿಡೀ ಬಿಡಬೇಕಾಗುತ್ತದೆ, ಕೆಲವೊಮ್ಮೆ ಎರಡನೇ ಸುತ್ತು ಬೇಕು.

ಇದರ ಲಾಭ ಏನೆಂದರೆ ವಿಷಾನಿಲದ ಭಯವಿಲ್ಲ, ಸ್ಟೇನ್‌ಲೆಸ್ ಸ್ಟೀಲಿಗೆ ತೊಂದರೆಯಿಲ್ಲ, ಪ್ಲಾಸ್ಟಿಕ್ ರೀಲಿಗೂ ಒಗ್ಗುತ್ತದೆ. ಎರಡು ಎಚ್ಚರಿಕೆ ಸಾಕು. ಅಲ್ಯೂಮಿನಿಯಂ ಭಾಗಗಳಿಗೆ ಹಾಕಬೇಡಿ, ಕ್ಷಾರ ಅದನ್ನು ತಿನ್ನುತ್ತದೆ. ಬಾಟಲಿ ತೊಳೆಯುವಾಗ ಮುಚ್ಚಳ ಬಿಗಿಯಬೇಡಿ. ಒಳಗೆ ಆಕ್ಸಿಜನ್ ಏಳುತ್ತಲೇ ಇರುತ್ತದೆ, ಬಾಟಲಿ ಸಿಡಿಯಬಹುದು.

ನನ್ನ ಪ್ರಕಾರ ಡಾರ್ಕ್‌ರೂಮಿನಲ್ಲಿ ಒಂದೇ ಬ್ಲೀಚ್ ಇಡುವುದಾದರೆ ಪರ್ಕಾರ್ಬೊನೇಟ್ ಇಡಿ. ಒಂದು ರಾತ್ರಿ ಕಾಯುವುದು ಯಾರಿಗೂ ಭಾರವಲ್ಲ. ಕ್ಲೋರಿನ್ ಬ್ಲೀಚನ್ನು ಪೈರೋ ಹಿಡಿದ ಗಾಜಿನ ಜಾಡಿಗೋ, ಎರಡು ಸುತ್ತಿಗೂ ಬಗ್ಗದ ಟ್ರೇಗೋ ಉಳಿಸಿಕೊಳ್ಳಬಹುದು.

ಕಪ್ಪಾಗಿ ಕೂತ ಬೆಳ್ಳಿ

ಫಿಲ್ಮಿನ ಬೆಳ್ಳಿ ಟ್ಯಾಂಕಿನ ಗೋಡೆಗೆ ಹೇಗೆ ಹೋಗುತ್ತದೆ? ಡೆವಲಪರ್‌ನಲ್ಲಿ ಸಲ್ಫೈಟ್ ಇರುತ್ತದೆ. ಕೊಡಕ್ ಡಿ-76ನ ಸೂತ್ರದಲ್ಲಿ ಲೀಟರ್‌ಗೆ 100 ಗ್ರಾಂ ಇದೆ. ಅಷ್ಟು ಸಲ್ಫೈಟ್ ಇದ್ದಾಗ ಫಿಲ್ಮಿನ ಸಿಲ್ವರ್ ಹಾಲೈಡ್ (ಬೆಳಕು ಹಿಡಿಯುವ ಬೆಳ್ಳಿ ಲವಣ) ಚೂರು ಚೂರು ಕರಗಿ ದ್ರಾವಣಕ್ಕೆ ಬರುತ್ತದೆ, ಅಲ್ಲೇ ಡೆವಲಪ್ ಆಗಿ ಲೋಹವಾಗಿ ಸಿಕ್ಕ ಜಾಗಕ್ಕೆ ಅಂಟುತ್ತದೆ. ಒಂದೇ ಡೆವಲಪರನ್ನು ಮರಳಿ ಮರಳಿ ಬಳಸುವವರ ಬಾಟಲಿಯ ತಳದಲ್ಲಿ ಬೂದು ಕೆಸರು ಕಾಣುವುದು ಇದರಿಂದಲೇ. ಡೆವಲಪರ್‌ಗೆ ಫಿಕ್ಸರ್ ಬೆರೆತರೆ ಇದು ಇನ್ನೂ ಜಾಸ್ತಿ. ಮೋನೋಬಾತ್‌ನಲ್ಲಿ ಎರಡೂ ಒಟ್ಟಿಗೇ ಇರುತ್ತವೆ, ಅದಕ್ಕೇ ಅದರ ಟ್ಯಾಂಕ್ ಬೇಗ ಕಪ್ಪಾಗುತ್ತದೆ.

ಲೋಹದ ಬೆಳ್ಳಿಗೆ ಫಿಕ್ಸರ್ ಒಂದೇ ಸಾಲದು. ಫಿಕ್ಸರ್ ಕರಗಿಸುವುದು ಹಾಲೈಡನ್ನು, ಲೋಹವನ್ನಲ್ಲ. ಹಾಗೆ ಕರಗಿಸುವಂತಿದ್ದರೆ ಚಿತ್ರವೇ ಉಳಿಯುತ್ತಿರಲಿಲ್ಲ, ಅಲ್ವಾ? ಹಾಗಾಗಿ ಮೊದಲು ಬೆಳ್ಳಿಯನ್ನು ಹಾಲೈಡ್‌ನಂಥ ಲವಣ ಮಾಡಬೇಕು, ಆಮೇಲೆ ಫಿಕ್ಸರ್. ಇದಕ್ಕೆ ಮೂರು ದಾರಿ ಇವೆ.

ಒಂದು, ಫಾರ್ಮರ್ಸ್ ರಿಡ್ಯೂಸರ್. 1883ರಲ್ಲಿ ಅರ್ನೆಸ್ಟ್ ಹೊವರ್ಡ್ ಫಾರ್ಮರ್ ಹೇಳಿಕೊಟ್ಟ ವಿಧಾನ. ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಹೈಪೋ ಬೆರೆಸಿ ಹಾಕುತ್ತಾರೆ. ಪ್ರಿಂಟ್‌ನ ಕಪ್ಪು ತಿಳಿ ಮಾಡಲು ಬಳಸುವ ಇದೇ ಮಿಶ್ರಣ ಟ್ಯಾಂಕಿನ ಬೆಳ್ಳಿಯನ್ನೂ ತೆಗೆಯುತ್ತದೆ. ಬೇಗ ಕೆಲಸ ಮಾಡುತ್ತದೆ, ಅಷ್ಟೇ ಬೇಗ ಸಾಯುತ್ತದೆ. ಬೆರೆಸಿದ ಕೆಲವು ನಿಮಿಷಗಳಲ್ಲಿ ಹಳದಿ ಹೋಗಿ ಬಲ ಮುಗಿಯುತ್ತದೆ. ಸಣ್ಣ ಕಲೆಗೆ ಸರಿ, ದೊಡ್ಡ ಟ್ರೇಗೆ ದುಂದು.

ಎರಡು, ಅದೇ ಫೆರಿಸಯನೈಡ್‌ಗೆ ಹೈಪೋ ಬದಲು ಪೊಟ್ಯಾಸಿಯಂ ಬ್ರೋಮೈಡ್ ಸೇರಿಸುವುದು. ಸೆಪಿಯಾ ಟೋನಿಂಗ್‌ನ ಮೊದಲ ದ್ರಾವಣ ಇದೇ. ಎರಡನ್ನೂ ಲೀಟರ್‌ಗೆ 20–30 ಗ್ರಾಂ ಹಾಕಿದರೆ ಆಯಿತು. ಐದು, ಹತ್ತು ನಿಮಿಷದಲ್ಲಿ ಕಪ್ಪು ಕಲೆ ಕೆನೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಾಟಲಿಗೆ ವಾಪಸ್ ಸುರಿದು, ಟ್ಯಾಂಕ್ ತೊಳೆದು, ಫಿಕ್ಸರ್ ಹಾಕಿ. ಕೆನೆ ಬಣ್ಣವೂ ಹೋಗುತ್ತದೆ. ಎರಡು ಹಂತ ಆದರೂ ದ್ರಾವಣ ಬಹಳ ಕಾಲ ಇಟ್ಟುಕೊಳ್ಳಬಹುದು, ಮತ್ತೆ ಮತ್ತೆ ಬಳಸಬಹುದು. ಕಪ್ಪು ಬಿಳುಪು ಕೆಲಸ ಮಾತ್ರ ಮಾಡುವವರಿಗೆ ಇದೇ ಸರಿ ಎನ್ನುತ್ತೇನೆ.

ಮೂರು, ಕಲರ್ ಫಿಲ್ಮ್ ತೊಳೆಯುವ ಕಿಟ್‌ನ ಬ್ಲಿಕ್ಸ್, ಅಂದರೆ ಬ್ಲೀಚ್ ಮತ್ತು ಫಿಕ್ಸರ್ ಸೇರಿದ ದ್ರಾವಣ. ಕಬ್ಬಿಣದ ಇಡಿಟಿಎ ಮತ್ತು ಥಯೋಸಲ್ಫೇಟ್ ಒಂದೇ ಬಾಟಲಿಯಲ್ಲಿ. ಬೆಳ್ಳಿಯನ್ನು ಕರಗಿಸುವುದೇ ಅದರ ಉದ್ಯೋಗ. ಫಿಲ್ಮಿಗೆ ಇನ್ನು ಬೇಡ ಎಂದು ಬದಿಗಿಟ್ಟ ಬ್ಲಿಕ್ಸ್‌ನಲ್ಲಿ ಟ್ಯಾಂಕ್ ತೊಳೆಯುವಷ್ಟು ಜೀವ ಸಾಮಾನ್ಯವಾಗಿ ಇರುತ್ತದೆ. ಕಲರ್ ಮಾಡುವವರು ಬೇರೇನೂ ಹುಡುಕಬೇಕಿಲ್ಲ. ಸ್ವಲ್ಪ ಬಿಸಿ ಮಾಡಿ ಹಾಕಿ, ಒಂದು ಗಂಟೆ ಬಿಟ್ಟು ನೋಡಿ.

ಫೆರಿಸಯನೈಡ್ ಹೆಸರಿನಲ್ಲಿ ಸಯನೈಡ್ ಇದೆ ಎಂದು ಹೆದರುವವರಿದ್ದಾರೆ. ಅದರೊಳಗಿನ ಸಯನೈಡ್ ಕಬ್ಬಿಣಕ್ಕೆ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ, ಸಾಧಾರಣ ಬಳಕೆಯಲ್ಲಿ ಬಿಡುವುದಿಲ್ಲ. ಆದರೆ ಖಾರ ಆಸಿಡ್ ಮತ್ತು ಬಿಸಿ ಸೇರಿದರೆ ವಿಷಾನಿಲ ಬರುತ್ತದೆ. ಹಾಗಾಗಿ ಇದನ್ನು ಬೇರೆ ಯಾವ ಕ್ಲೀನರ್ ಜೊತೆಗೂ ಬೆರೆಸಬೇಡಿ. ಇನ್ನೊಂದು ವಿಷಯ: ಎನಾಮಲ್ ಕಿತ್ತುಹೋದ ಟ್ರೇಗೆ ಹಾಕಿದರೆ ಕಿತ್ತ ಜಾಗದಲ್ಲಿ ಗಾಢ ನೀಲಿ ಬರಬಹುದು. ಒಳಗಿನ ಕಬ್ಬಿಣದ ಜೊತೆ ಸೇರಿ ಪ್ರಷ್ಯನ್ ಬ್ಲೂ ಆಗಿರುತ್ತದೆ.

ಹಳೇ ಸೂತ್ರಗಳು

ಹಳೇ ಕೈಪಿಡಿಗಳಲ್ಲಿ ಕೊಡಕ್‌ನ ಟಿಸಿ-1 ಎಂಬ ಟ್ರೇ ಕ್ಲೀನರ್ ಸಿಗುತ್ತದೆ. ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಗಂಧಕಾಮ್ಲ. ಕೆಲಸದ ಮಟ್ಟಿಗೆ ಹೇಳುವುದಾದರೆ ಬೆಳ್ಳಿ, ಡೆವಲಪರ್ ಎರಡನ್ನೂ ಒಂದೇ ಏಟಿಗೆ ತೆಗೆಯುತ್ತದೆ. ಅದಕ್ಕೇ ಅಷ್ಟು ಹೆಸರು. ಆದರೆ ಡೈಕ್ರೋಮೇಟ್‌ನ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು, ಚರ್ಮಕ್ಕೆ ಅಲರ್ಜಿ ಮಾಡುವಂಥದ್ದು, ನೀರಿಗೆ ಬಿಟ್ಟರೆ ಮೀನಿಗೂ ವಿಷ. ಟ್ರೇ ಬೆಳ್ಳಗಾಗಲಿ ಎಂದು ಇದನ್ನು ಮನೆಗೆ ತರುವುದರಲ್ಲಿ ಅರ್ಥವಿಲ್ಲ. ಇಷ್ಟಕ್ಕೂ ಮೇಲೆ ಹೇಳಿದ ಕಂದು ಕಲೆಯ ಮದ್ದು, ಬೆಳ್ಳಿಯ ಮದ್ದು ಎರಡನ್ನು ಒಂದಾದ ಮೇಲೊಂದು ಮಾಡಿದರೆ ಅದೇ ಫಲ ಬರುತ್ತದೆ.

ಇನ್ನೊಂದು ಹಳೇ ದಾರಿ ಆಸಿಡ್ ಬೆರೆಸಿದ ಪೊಟ್ಯಾಸಿಯಂ ಪರ್ಮಾಂಗನೇಟ್. ಲೀಟರ್‌ಗೆ 2 ಗ್ರಾಂ ಪರ್ಮಾಂಗನೇಟ್ ಸಾಕು. ಇದಕ್ಕೆ ಇವತ್ತೂ ಒಂದು ಜಾಗ ಇದೆ. ಸೆಪಿಯಾ ಟೋನರ್ ಟ್ರೇಯ ಕಂದು ಕಲೆ ಸಿಲ್ವರ್ ಸಲ್ಫೈಡ್. ಫೆರಿಸಯನೈಡ್ ಅದನ್ನು ಅಲ್ಲಾಡಿಸುವುದಿಲ್ಲ. ಪರ್ಮಾಂಗನೇಟ್ ಅಲ್ಲಾಡಿಸುತ್ತದೆ. ಗಂಧಕಾಮ್ಲದ ಬದಲು ಸೋಡಿಯಂ ಬೈಸಲ್ಫೇಟ್ ಪುಡಿ ಹಾಕಿದರೂ ನಡೆಯುತ್ತದೆ, ಬಳಸಲು ಸುಲಭ. ಗಂಧಕಾಮ್ಲವೇ ಆದರೆ ನೀರಿಗೆ ಆಸಿಡನ್ನು ನಿಧಾನಕ್ಕೆ ಹಾಕಿ, ಆಸಿಡ್‌ಗೆ ನೀರು ಸುರಿಯಬೇಡಿ. ಗಟ್ಟಿ ಆಸಿಡನ್ನು ಪರ್ಮಾಂಗನೇಟ್ ಹರಳಿನ ಮೇಲೆ ನೇರವಾಗಿ ಹಾಕಿದರೆ ಸ್ಫೋಟವಾಗಬಹುದು. ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ ಕ್ಲೋರಿನ್ ಬರುತ್ತದೆ. ಇಷ್ಟು ಎಚ್ಚರಿಕೆ ಬೇಕಾದದ್ದನ್ನು ಸೆಪಿಯಾ ಟ್ರೇಗಷ್ಟೇ ಇಡುವುದು ಮೇಲು. ಕೆಲಸ ಮುಗಿದ ಮೇಲೆ ಟ್ರೇ ತುಂಬ ಹೊಸ ಕಂದು ಕಲೆ ಕಂಡರೆ ಗಾಬರಿ ಬೇಡ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಸೋಡಿಯಂ ಬೈಸಲ್ಫೈಟ್ ನೀರು ಹಾಕಿದರೆ ಕ್ಷಣದಲ್ಲಿ ಮಾಯ.

ಸಾಮಾನು ಯಾವುದು ಎಂಬುದೂ ಮುಖ್ಯ

ಗಾಜು ಎಲ್ಲವನ್ನೂ ತಡೆಯುತ್ತದೆ. ಅದರ ಬಗ್ಗೆ ಯೋಚನೆ ಬೇಡ. ಥರ್ಮಾಮೀಟರ್‌ಗೆ ಮಾತ್ರ ಅದರ ಅಳತೆ ಮೀರಿದ ಬಿಸಿನೀರು ಬೇಡ.

ಪ್ಲಾಸ್ಟಿಕ್‌ಗೆ ಅಸಿಟೋನ್, ಥಿನ್ನರ್ ತಾಗಿಸಬಾರದು. ಹಲವು ಪ್ಲಾಸ್ಟಿಕ್‌ಗಳು ಕರಗಿಯೇ ಹೋಗುತ್ತವೆ. ಪಾತ್ರೆ ತೊಳೆಯುವ ಮೆಷಿನ್‌ಗೆ ಹಾಕಿದ ರೀಲ್ ಬಿಸಿಗೆ ಸೊಟ್ಟಗಾಗುತ್ತದೆ. ಅದು ಹಾಗಿರಲಿ, ಊಟದ ತಟ್ಟೆ ತೊಳೆಯುವ ಜಾಗಕ್ಕೆ ಡಾರ್ಕ್‌ರೂಮ್ ಸಾಮಾನು ಹೋಗಲೇಬಾರದು.

ಸ್ಟೇನ್‌ಲೆಸ್ ಸ್ಟೀಲಿಗೆ ಸಿಟ್ರಿಕ್ ಆಸಿಡ್ ಮತ್ತು ಪರ್ಕಾರ್ಬೊನೇಟ್ ನಿಶ್ಚಿಂತೆ. ಬೆಳ್ಳಿ ತೆಗೆಯುವ ದ್ರಾವಣಗಳನ್ನು ಕೆಲಸ ಆಗುವಷ್ಟೇ ಹೊತ್ತು ಇಟ್ಟು ತೊಳೆದುಬಿಡಿ. ತುಕ್ಕಿನ ಚುಕ್ಕೆ ಇದ್ದರೆ ಆಕ್ಸಾಲಿಕ್ ಆಸಿಡ್ ಇರುವ ಪಾಲಿಶ್ ಪುಡಿಯನ್ನು ಮೆದು ಬಟ್ಟೆಯಲ್ಲಿ ಹಚ್ಚಿ. ಸ್ಟೀಲ್ ರೀಲಿನ ತಂತಿಗಳ ಸಂದಿಗೆ ಅಲ್ಟ್ರಾಸಾನಿಕ್ ಕ್ಲೀನರ್ ಇದ್ದರೆ ಅದೃಷ್ಟ. ಇಲ್ಲದಿದ್ದರೆ ಹಲ್ಲುಜ್ಜುವ ಬ್ರಷ್ಷೇ ಗತಿ.

ಎನಾಮಲ್ ಟ್ರೇ ಕಿತ್ತುಹೋಗಿ ತುಕ್ಕು ಕಂಡರೆ ಡೆವಲಪರ್ ಕೆಲಸದಿಂದ ಅದಕ್ಕೆ ನಿವೃತ್ತಿ ಕೊಡಿ. ಬಿದಿರಿನ ಇಕ್ಕಳ ದ್ರಾವಣವನ್ನು ಹೀರಿಕೊಂಡಿರುತ್ತದೆ, ಏನು ಮಾಡಿದರೂ ಪೂರ್ತಿ ಬಿಡುವುದಿಲ್ಲ. ಒಂದೊಂದು ಟ್ರೇಗೆ ಒಂದೊಂದು ಇಕ್ಕಳ ಎಂದು ಗುರುತು ಹಾಕಿಡುವುದೇ ದಾರಿ. ಪ್ಲಾಸ್ಟಿಕ್ ಶೇಖರಣೆ ಬಾಟಲಿ ಪೈರೋದಿಂದ ಕಪ್ಪಾಗಿದ್ದರೆ ತೊಳೆಯಲು ಸಮಯ ಹಾಕಬೇಡಿ, ಬದಲಾಯಿಸಿ.

ಸಯನೋಟೈಪ್ (ಕಬ್ಬಿಣದ ಲವಣಗಳಿಂದ ನೀಲಿ ಚಿತ್ರ ಮಾಡುವ ವಿಧಾನ) ಮಾಡುವವರ ನೀಲಿ ಕಲೆಗೆ ಬೇರೆ ಉಪಾಯ. ಬ್ಲೀಚ್ ಕಡೆ ಹೋಗದೆ ವಾಷಿಂಗ್ ಸೋಡಾ ನೀರು ಹಾಕಿ. ಕ್ಷಾರಕ್ಕೆ ನೀಲಿ ಒಡೆದು ತುಕ್ಕಿನ ಬಣ್ಣ ಉಳಿಯುತ್ತದೆ. ತೊಳೆದು, ಸಿಟ್ರಿಕ್ ಅಥವಾ ಆಕ್ಸಾಲಿಕ್ ಆಸಿಡ್‌ನಿಂದ ಆ ತುಕ್ಕನ್ನೂ ತೆಗೆಯಬಹುದು. ಎನಾಮಲ್ ಟ್ರೇಯ ನೀಲಿಗೂ ಇದೇ ಮದ್ದು.

ತೊಳೆದ ಮೇಲೆ

ಕ್ಲೀನರ್ ಸ್ವತಃ ಕೊಳೆಯೇ. ಕ್ಲೋರಿನ್ ಬ್ಲೀಚಿನ ಪಸೆ ಉಳಿದರೆ ಮುಂದಿನ ಡೆವಲಪರನ್ನು ಕೆಡಿಸುತ್ತದೆ. ಫೆರಿಸಯನೈಡ್ ಉಳಿದರೆ ನೇರವಾಗಿ ಚಿತ್ರಕ್ಕೇ ಕೈ ಹಾಕುತ್ತದೆ. ಐದಾರು ಸಲ ನೀರು ಬದಲಾಯಿಸಿ ಜಾಲಿಸಿ. ಟ್ಯಾಂಕಿನ ಮುಚ್ಚಳದ ಒಳಗಿನ ಸುರಂಗದಂಥ ಜಾಗ, ರೀಲಿನ ಬೇರಿಂಗ್ ಗುಂಡುಗಳ ಗೂಡು, ಜಾಡಿಯ ಹಿಡಿಯ ಬುಡ, ಇಲ್ಲಿ ದ್ರಾವಣ ಅಡಗಿರುತ್ತದೆ. ಚೆನ್ನಾಗಿ ತೊಳೆದ ನಂತರ ಲೀಟರ್‌ಗೆ 10 ಗ್ರಾಂ ಸೋಡಿಯಂ ಸಲ್ಫೈಟ್ ಹಾಕಿದ ನೀರಿನಲ್ಲಿ ಒಮ್ಮೆ ಅದ್ದಿದರೆ ಉಳಿದುಕೊಂಡ ಬ್ಲೀಚ್‌ನ ಬಲ ಹೋಗುತ್ತದೆ. ಕೊನೆಗೆ ಮತ್ತೊಮ್ಮೆ ಬರೀ ನೀರು.

ಬೆಳ್ಳಿ ಕರಗಿಸಿಕೊಂಡ ಫಿಕ್ಸರ್ ಮತ್ತು ಬ್ಲಿಕ್ಸ್ ಚರಂಡಿಗೆ ಹೋಗಬಾರದು. ಹಳೇ ಫಿಕ್ಸರ್ ಸೇರಿಸಿಡುವ ಕ್ಯಾನ್‌ಗೇ ಹೋಗಲಿ. ಫೆರಿಸಯನೈಡ್ ಮತ್ತು ಪರ್ಮಾಂಗನೇಟ್‌ಗೆ ಬೇರೆ ಬೇರೆ ಕ್ಯಾನ್. ಪ್ರತಿಯೊಂದರ ಮೇಲೂ ಒಳಗೇನಿದೆ ಎಂದು ಬರೆದಿರಿ.

ಏಪ್ರನ್, ಅಂಗಿ ತೋಳಿಗೆ ಡೆವಲಪರ್ ಸಿಡಿದರೆ ಒಣಗುವ ಮುಂಚೆ ತಣ್ಣೀರಿಗೆ ಹಿಡಿಯಿರಿ. ಆ ಕ್ಷಣದಲ್ಲಿ ಅದಕ್ಕೆ ಬಣ್ಣವೇ ಇರುವುದಿಲ್ಲ. ಕಂದು ಬರುವುದು ಗಾಳಿಗೆ ಒಣಗಿದ ಮೇಲೆ. ಆಗ ಪರ್ಕಾರ್ಬೊನೇಟ್‌ನಲ್ಲಿ ರಾತ್ರಿಯಿಡೀ ನೆನೆಹಾಕಬೇಕು. ಹತ್ತಿ ಬಟ್ಟೆ ಬಹುತೇಕ ಬಿಡುತ್ತದೆ, ಉಣ್ಣೆ ಮತ್ತು ರೇಷ್ಮೆಗೆ ಆ ಪುಡಿ ಆಗುವುದಿಲ್ಲ.